ಮೀಸೆ ಮೂಡದ ಹುಡುಗ, ದೊಡ್ಡವರ ಮೈದಾನ

ಶಾಲೆಗಳು ಶುರುವಾಗಿ ಒಂದೆರಡು ತಿಂಗಳಾದರೆ ಸಾಕು, ನಮ್ಮ ಊರುಗಳಲ್ಲಿ ಫುಟ್ಬಾಲ್‌ನ ಮಾತು ಜೋರಾಗುತ್ತದೆ. ಶಾಲಾ ಟೀಮಿನ ಆಯ್ಕೆ, ಆಮೇಲೆ ತಾಲೂಕು, ಜಿಲ್ಲೆ. ಮಳೆ ಬಿಟ್ಟ ಮೇಲೆ ಗದ್ದೆಗಳಲ್ಲಿ, ಮೈದಾನಗಳಲ್ಲಿ ಸೆವೆನ್ಸ್ ಟೂರ್ನಿಗಳು. ಈ ಹೊತ್ತಿನಲ್ಲಿ ಹೆತ್ತವರು ನಮ್ಮ ಹತ್ತಿರ ಬಂದು ಕೇಳುವ ಒಂದು ಪ್ರಶ್ನೆ ಇದೆ. "ಉಸ್ತಾದರೇ, ಮಗನಿಗೆ ಹದಿಮೂರು ಆಗಿದೆಯಷ್ಟೆ. ಹದಿನೇಳರ ಟೀಮಿಗೆ ಕರೀತಿದ್ದಾರೆ. ಕಳಿಸ್ಬಹುದಾ?" ಕೇಳುವ ಉಪ್ಪನ ಮುಖದಲ್ಲಿ ಹೆಮ್ಮೆ ಇರುತ್ತದೆ. ಮನೆಯಲ್ಲಿರುವ ಉಮ್ಮನಿಗೆ ಹೆದರಿಕೆ. ಎರಡಕ್ಕೂ ಕಾರಣ ಇದೆ.

ಚೆಂಡಿನ ವಿಷಯದಲ್ಲಿ ಮದ್ರಸದ ಉಸ್ತಾದರಿಗೇನು ಕೆಲಸ ಎಂದು ಕೆಲವರು ಕೇಳಬಹುದು. ರಾತ್ರಿ ಹನ್ನೊಂದರ ತನಕ ಲೈಟಿನ ಕೆಳಗೆ ಆಡಿದ ಹುಡುಗ ಬೆಳಿಗ್ಗೆ ನಮ್ಮ ಎದುರೇ ಬಂದು ಕೂತು ತೂಕಡಿಸುವುದು. ಕುಂಟುತ್ತಾ ಮೆಟ್ಟಿಲು ಹತ್ತುವವನನ್ನು ಮನೆಯವರು ಬಿಟ್ಟರೆ ಮೊದಲು ಕಾಣುವವರು ನಾವೇ. ಹಾಗಾಗಿ ನಮಗೂ ಒಂದು ಮಾತು ಹೇಳಲಿಕ್ಕಿದೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಆಟ ಗೊತ್ತಿರುವ ಹುಡುಗನನ್ನು ಒಂದು ಮೆಟ್ಟಿಲು ಮೇಲೆ ಆಡಿಸುವುದು ತಪ್ಪಲ್ಲ. ಆದರೆ ಅದು ಅವನು ಕಲಿಯಲಿ ಎಂದು ಆಗಬೇಕು, ದೊಡ್ಡವರ ಟೀಮಿಗೆ ಕಪ್ ಬರಲಿ ಎಂದು ಆಗಬಾರದು. ಹದಿಮೂರರವನನ್ನು ಇಪ್ಪತ್ತೈದರ ಯುವಕರ ಮಧ್ಯೆ ಇಳಿಸುವುದನ್ನಂತೂ ನಾವು ಒಪ್ಪುವುದಿಲ್ಲ.

ವಯಸ್ಸಿನ ಗೆರೆ ಯಾಕೆ?

ಶಾಲಾ ಕ್ರೀಡಾಕೂಟಗಳಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದು ವಿಭಾಗ ಇದೆ. ಪಿಯುಸಿಗೆ ಬಂದರೆ 19. ಈ ಗೆರೆಗಳನ್ನು ಯಾರೋ ಆಫೀಸಿನಲ್ಲಿ ಕೂತು ಸುಮ್ಮನೆ ಎಳೆದದ್ದಲ್ಲ. ಚೆಂಡನ್ನೇ ತೆಗೆದುಕೊಳ್ಳಿ. ದೊಡ್ಡವರು ಆಡುವ 5ನೇ ಸೈಜಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಹನ್ನೆರಡರ ಒಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಅದಕ್ಕಿಂತ ಸಣ್ಣದಾದ, ಹಗುರವಾದ 4ನೇ ಸೈಜಿನದ್ದು. ಮೈದಾನ, ಗೋಲುಕಂಬ, ಆಟದ ಸಮಯ, ಎಲ್ಲವನ್ನೂ ಮಕ್ಕಳಿಗಾಗಿ ಕಡಿಮೆ ಮಾಡಲು ಆಟದ ನಿಯಮದಲ್ಲೇ ಅವಕಾಶ ಇದೆ. ಮಗುವಿನ ಕಾಲು, ಮೂಳೆ, ಉಸಿರು ದೊಡ್ಡವರದ್ದರ ಹಾಗೆ ಇರುವುದಿಲ್ಲ ಎಂಬ ಕಾರಣಕ್ಕೆ ಈ ಏರ್ಪಾಡು.

ಆದರೂ ವಯಸ್ಸಿನ ಗೆರೆ ಪೂರ್ತಿ ಸರಿಯಾದ ಅಳತೆ ಅಲ್ಲ. ಫಿಫಾದ ಲೆಕ್ಕ ಜನವರಿ 1ರಿಂದ ಶುರು. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳು ಅಂದರೆ ದೊಡ್ಡ ಅಂತರ. ಹಲವು ದೇಶಗಳ ಫುಟ್ಬಾಲ್ ಅಕಾಡೆಮಿಗಳಲ್ಲಿ ನೋಡಿದರೆ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದ ಮಕ್ಕಳೇ ಜಾಸ್ತಿ, ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರು ಕಡಿಮೆ. ಡಿಸೆಂಬರಿನವನಿಗೆ ಆಟ ಕಡಿಮೆ ಗೊತ್ತು ಅಂತಲ್ಲ, ಆಯ್ಕೆಯ ದಿನ ಅವನು ಸಣ್ಣವನಾಗಿ ಕಂಡ, ಅಷ್ಟೇ.

ಇನ್ನು ಪ್ರಾಯಕ್ಕೆ ಬರುವ ಹೊತ್ತು. ಇದು ಎಲ್ಲ ಮಕ್ಕಳಿಗೂ ಒಂದೇ ವರ್ಷ ಬರುವುದಿಲ್ಲ. ನಮ್ಮ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹದಿಮೂರರ ಹುಡುಗರನ್ನು ನೋಡಿ. ಒಬ್ಬನಿಗೆ ಸ್ವರ ಒಡೆದು, ಮೀಸೆ ಮೂಡಿ, ಭುಜ ಅಗಲ ಆಗಿರುತ್ತದೆ. ಪಕ್ಕದವನನ್ನು ಐದನೇ ಕ್ಲಾಸಿನಲ್ಲಿ ಕೂರಿಸಿದರೂ ಯಾರಿಗೂ ಸಂಶಯ ಬರಲಿಕ್ಕಿಲ್ಲ. ಜನನ ಪ್ರಮಾಣಪತ್ರದಲ್ಲಿ ಇಬ್ಬರ ವಯಸ್ಸೂ ಒಂದೇ, ದೇಹದ ವಯಸ್ಸಿನಲ್ಲಿ ಮೂರು ನಾಲ್ಕು ವರ್ಷದ ಅಂತರ. ಹಾಗಾಗಿ "ಹದಿಮೂರರವ ಮೇಲೆ ಆಡಬಹುದೇ" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಹದಿಮೂರರವ ಎಂದು ಕೇಳಬೇಕು.

ಮೇಲೆ ಆಡುವುದರಿಂದ ಲಾಭ ಇದೆ

ಮೇಲೆ ಆಡಿಸಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ತನ್ನ ವಯಸ್ಸಿನವರಲ್ಲಿ ಒಬ್ಬ ಹುಡುಗ ಪ್ರತಿ ಮ್ಯಾಚಿನಲ್ಲೂ ಐದಾರು ಗೋಲು ಹೊಡೆಯುತ್ತಾನೆ ಎಂದಿಟ್ಟುಕೊಳ್ಳಿ. ಅವನು ಪಾಸ್ ಕೊಡಲು ಕಲಿಯುವುದಿಲ್ಲ, ತಲೆ ಎತ್ತಿ ಆಡಲು ಕಲಿಯುವುದಿಲ್ಲ. ಕಲಿಯುವ ಅಗತ್ಯವೇ ಅವನಿಗೆ ಬೀಳುವುದಿಲ್ಲ. ಒಂದು ಮೆಟ್ಟಿಲು ಮೇಲೆ ಹೋದಾಗ ಚೆಂಡು ಕಾಲಿಗೆ ಬರುವ ಮೊದಲೇ ಯೋಚಿಸಬೇಕಾಗುತ್ತದೆ. ಮದ್ರಸದಲ್ಲೂ ಓದು ಬೇಗ ಹಿಡಿದ ಮಗುವನ್ನು ಮುಂದಿನ ತರಗತಿಯವರ ಜೊತೆ ಕೂರಿಸಿದರೆ ಚುರುಕಾಗುವುದನ್ನು ನಾವು ಕಂಡಿದ್ದೇವೆ.

ದೊಡ್ಡ ಹೆಸರುಗಳೂ ಬಾಯಿಗೆ ಬರುತ್ತವೆ. 1958ರ ವಿಶ್ವಕಪ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಎರಡು ಗೋಲು ಹೊಡೆದಾಗ ಪೆಲೆಗೆ 17 ವರ್ಷ. ನಮ್ಮ ದೇಶದ ಬೈಚುಂಗ್ ಭುಟಿಯಾ 16ರ ವಯಸ್ಸಿನಲ್ಲಿ ಕೊಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದವರು. ಈಗಿನ ಮಕ್ಕಳ ಬಾಯಲ್ಲಿ ಲಮಿನ್ ಯಮಾಲ್. 2023ರ ಏಪ್ರಿಲಿನಲ್ಲಿ ಬಾರ್ಸಿಲೋನಾದ ದೊಡ್ಡವರ ಟೀಮಿನಲ್ಲಿ ಆಡಿದಾಗ ಅವನಿಗೆ 15 ವರ್ಷ. 2024ರ ಜುಲೈ 14ರಂದು ಸ್ಪೇನ್ ಯುರೋ ಕಪ್ ಗೆದ್ದಾಗ ಅವನ 17ನೇ ಹುಟ್ಟುಹಬ್ಬ ಮುಗಿದು ಒಂದೇ ದಿನ. ಆ ಟೂರ್ನಿಗೆ ಅವನು ಶಾಲೆಯ ಪಾಠವನ್ನೂ ಜೊತೆಗೆ ಕೊಂಡುಹೋಗಿದ್ದ ಎಂಬುದನ್ನು ಮಾತ್ರ ನಮ್ಮ ಹುಡುಗರು ಯಾರೂ ಹೇಳುವುದಿಲ್ಲ!

ಹೆಸರಿನ ಇನ್ನೊಂದು ಪಟ್ಟಿ

ಅದೇ ಬಾರ್ಸಿಲೋನಾದಲ್ಲಿ ಯಮಾಲ್‌ಗಿಂತ ಮೊದಲು ಅನ್ಸು ಫಾಟಿ ಎಂಬ ಹುಡುಗ ಬಂದಿದ್ದ. 2019ರಲ್ಲಿ ದೊಡ್ಡವರ ಟೀಮಿಗೆ ಇಳಿದಾಗ ಅವನಿಗೂ 16. 2020ರ ನವೆಂಬರಿನಲ್ಲಿ ಮಂಡಿಗೆ ಏಟಾಯಿತು. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ. ಮೆಸ್ಸಿ ಬಿಟ್ಟುಹೋದ 10ನೇ ನಂಬರಿನ ಅಂಗಿ ಅವನಿಗೇ ಸಿಕ್ಕಿತ್ತು, ಆದರೆ ಮೊದಲಿನ ಆಟ ಮರಳಿ ಬರಲಿಲ್ಲ. ಅಮೆರಿಕದಲ್ಲಿ ಫ್ರೆಡ್ಡಿ ಅಡು ಎಂಬ ಹುಡುಗ 2004ರಲ್ಲಿ, 14ರ ವಯಸ್ಸಿನಲ್ಲೇ, ಅಲ್ಲಿನ ದೊಡ್ಡ ಲೀಗಿನಲ್ಲಿ ಆಡಿದ. ಮುಂದಿನ ಪೆಲೆ ಎಂದು ಪತ್ರಿಕೆಗಳು ಬರೆದವು. ಆಮೇಲೆ ದೇಶದಿಂದ ದೇಶಕ್ಕೆ, ಕ್ಲಬ್‌ನಿಂದ ಕ್ಲಬ್‌ಗೆ ಅಲೆದ. ಜನ ನಿರೀಕ್ಷಿಸಿದ ಎತ್ತರಕ್ಕೆ ಏರಲೇ ಇಲ್ಲ.

ಏಟಿಗೆ ವಯಸ್ಸೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಮೂವತ್ತರವನ ಮಂಡಿಯೂ ಹೋಗುತ್ತದೆ. ನಾವು ಹೇಳುವುದು ಇಷ್ಟೇ: ಮೇಲೆ ಹೋಗಿ ಗೆದ್ದವನ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ, ಹೋಗಿ ಮುರಿದುಕೊಂಡು ಬಂದವನ ಹೆಸರು ಅವನ ಮನೆಯವರಿಗೆ ಮಾತ್ರ ಗೊತ್ತು. ಒಂದೇ ಪಟ್ಟಿ ನೋಡಿ ಮಗನ ವಿಷಯ ತೀರ್ಮಾನ ಮಾಡಬಾರದು. ಮೇಲಿನ ಹುಡುಗರಿಗೆಲ್ಲ ಕ್ಲಬ್‌ನ ಡಾಕ್ಟರ್ ಇದ್ದರು, ಫಿಸಿಯೋ ಇದ್ದರು. ನಮ್ಮ ಗದ್ದೆಯ ಬದಿಯಲ್ಲಿ ಇರುವುದು ಒಂದು ಸ್ಪ್ರೇ ಬಾಟ್ಲಿ, ಒಂದು ಐಸ್ ಪ್ಯಾಕೆಟು.

ಬೆಳೆಯುವ ಮೂಳೆಯ ಕಥೆ

ಹುಡುಗರು ಜೋರಾಗಿ ಉದ್ದ ಆಗುವುದು ಸಾಮಾನ್ಯವಾಗಿ ಹದಿಮೂರು ಹದಿನಾಲ್ಕರ ಸುಮಾರಿಗೆ. ಹೆಣ್ಣುಮಕ್ಕಳಲ್ಲಿ ಇದು ಸುಮಾರು ಎರಡು ವರ್ಷ ಮೊದಲೇ. ಆ ಹೊತ್ತಿನಲ್ಲಿ ವರ್ಷಕ್ಕೆ ಎಂಟು ಒಂಬತ್ತು ಸೆಂಟಿಮೀಟರ್ ಬೆಳೆಯುವ ಹುಡುಗರಿದ್ದಾರೆ. ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಮೂಳೆ ಬೆಳೆದಷ್ಟು ಬೇಗ ಸ್ನಾಯು ಹೊಂದಿಕೊಳ್ಳುವುದಿಲ್ಲ, ಎಳೆತ ಬೀಳುತ್ತದೆ. ಮಂಡಿಯ ಕೆಳಗೆ ಗಂಟಿನ ಹಾಗೆ ಉಬ್ಬಿ ನೋವು ಬರುವುದು, ಹಿಮ್ಮಡಿ ನೋವು ಬರುವುದು ಈ ವಯಸ್ಸಿನ ಆಟಗಾರರಲ್ಲಿ ಸಾಮಾನ್ಯ. ನಿನ್ನೆ ಚೆನ್ನಾಗಿ ಚೆಂಡು ಹಿಡಿಯುತ್ತಿದ್ದವನು ಇವತ್ತು ತನ್ನ ಕಾಲಿಗೆ ತಾನೇ ಎಡವಿದರೆ ಅದೂ ಈ ಬೆಳವಣಿಗೆಯದ್ದೇ ಕೆಲಸ, ಬೈಯಬೇಡಿ.

ಇಂತಹ ನೋವು ಬಂದರೆ ರಾತ್ರಿ ಎಣ್ಣೆ ತಿಕ್ಕಿ ಬೆಳಿಗ್ಗೆ ಮತ್ತೆ ಆಟಕ್ಕೆ ಕಳಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಸಾಲದು. ಹೆಚ್ಚಿನ ಸಲ ಆಟ ಕಡಿಮೆ ಮಾಡಿದರೆ, ವಿಶ್ರಾಂತಿ ಕೊಟ್ಟರೆ ಗುಣವಾಗುವ ನೋವು ಇದು. ನೋವಿನ ಮೇಲೆ ಆಡಿಸಿದರೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ವಾರ ಕಳೆದರೂ ಹೋಗದಿದ್ದರೆ, ಕುಂಟುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಬಾಗಿಲಿನ ದಾರಂದಕ್ಕೆ ಒರಗಿ ನಿಲ್ಲಿಸಿ, ಮೂರು ತಿಂಗಳಿಗೊಮ್ಮೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಿದ್ದಾನೆ ಅಂದರೆ ಜೋರು ಬೆಳವಣಿಗೆಯ ಕಾಲ ಎಂದು ಅರ್ಥ. ದೊಡ್ಡವರ ಟೀಮಿಗೆ ಹೊಸದಾಗಿ ಕಳಿಸಲು ಅದು ಸರಿಯಾದ ಹೊತ್ತಲ್ಲ. ಕ್ರೀಡಾ ವೈದ್ಯರು ಹೇಳುವ ಇನ್ನೊಂದು ಸುಲಭ ಲೆಕ್ಕವೂ ಇದೆ. ಮಗುವಿನ ವಯಸ್ಸು ಎಷ್ಟೋ, ವಾರದ ಆಟ ಮತ್ತು ತರಬೇತಿಯ ಗಂಟೆಗಳು ಅದನ್ನು ಮೀರಬಾರದು. ಹದಿಮೂರರವನಿಗೆ ವಾರಕ್ಕೆ ಹದಿಮೂರು ಗಂಟೆ. ಶಾಲೆಯ ಟೀಮು, ಕ್ಲಬ್‌ನ ಟೀಮು, ರಾತ್ರಿ ಟರ್ಫ್, ಮೇಲಿಂದ ದೊಡ್ಡವರ ಟೂರ್ನಿ ಎಲ್ಲ ಕೂಡಿಸಿ ನೋಡಿ, ಎಷ್ಟಾಗುತ್ತದೆ?

ಯಾರನ್ನು ಕಳಿಸಬೇಕು?

ಇಲ್ಲೊಂದು ತಮಾಷೆ ಇದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳಲ್ಲಿ ಸುಮಾರು ಹತ್ತು ವರ್ಷಗಳಿಂದ ಕೆಲವು ಪಂದ್ಯಗಳನ್ನು ವಯಸ್ಸಿನ ಲೆಕ್ಕ ಬಿಟ್ಟು ದೇಹದ ಬೆಳವಣಿಗೆಯ ಲೆಕ್ಕದಲ್ಲಿ ಆಡಿಸುತ್ತಾರೆ. ಬಯೋ ಬ್ಯಾಂಡಿಂಗ್ ಎಂದು ಅದಕ್ಕೆ ಹೆಸರು. ದೊಡ್ಡವನಾದಾಗ ಎಷ್ಟು ಎತ್ತರ ಆಗಬಹುದು, ಅದರಲ್ಲಿ ಈಗ ಶೇಕಡಾ ಎಷ್ಟು ಆಗಿದ್ದಾನೆ ಎಂದು ಅಂದಾಜು ಮಾಡಿ ಗುಂಪು ಮಾಡುತ್ತಾರೆ. ಬೇಗ ಬೆಳೆದ ಹುಡುಗ ತನ್ನಷ್ಟೇ ಗಟ್ಟಿಯಾದವರ ಮಧ್ಯೆ ಬಂದಾಗ ಬರೀ ತಳ್ಳಿ ಓಡುವುದು ನಡೆಯುವುದಿಲ್ಲ, ತಲೆ ಓಡಿಸಬೇಕಾಗುತ್ತದೆ. ನಿಧಾನ ಬೆಳೆಯುವ ಹುಡುಗ ತನ್ನಷ್ಟೇ ದೇಹದವರ ಮಧ್ಯೆ ಬಂದಾಗ ಅಡಗಿದ್ದ ಅವನ ಆಟ ಹೊರಗೆ ಬರುತ್ತದೆ.

ಇದರಿಂದ ನಮಗೆ ಸಿಗುವ ಪಾಠ ಏನು? ಬೇಗ ಬೆಳೆದು, ಬರೀ ದೇಹದ ಬಲದಿಂದ ತನ್ನ ವಯಸ್ಸಿನವರನ್ನು ಬೀಳಿಸಿ ಗೋಲು ಹೊಡೆಯುವವನನ್ನು ಒಂದು ಮೆಟ್ಟಿಲು ಮೇಲೆ ಕಳಿಸಿದರೆ ಅವನಿಗೂ ಒಳ್ಳೆಯದು, ಕೆಳಗಿನ ಸಣ್ಣವರಿಗೂ ಒಳ್ಳೆಯದು. ಕಾಲಲ್ಲಿ ಚೆಂದದ ಆಟ ಇದೆ, ದೇಹ ಮಾತ್ರ ಇನ್ನೂ ಮಗುವಿನದ್ದು ಅನ್ನುವವನನ್ನು ಪಂದ್ಯಕ್ಕೆ ತನ್ನ ವಯಸ್ಸಿನವರಲ್ಲೇ ಇಡಬೇಕು. ಬೇಕಾದರೆ ವಾರಕ್ಕೊಂದು ದಿನ ದೊಡ್ಡವರ ಜೊತೆ ಅಭ್ಯಾಸ ಮಾಡಲಿ. ಆದರೆ ನಮ್ಮಲ್ಲಿ "ಸಣ್ಣವ, ಸಂದಿಯಲ್ಲಿ ನುಗ್ಗುತ್ತಾನೆ" ಎಂದು ದೊಡ್ಡವರ ಟೀಮಿಗೆ ಎಳೆಯುವುದು ಈ ಎರಡನೆಯವನನ್ನೇ.

ಕಪ್ ಯಾರದ್ದು, ಕಾಲು ಯಾರದ್ದು?

ಈಗ ಸ್ವಲ್ಪ ಕಹಿ ಮಾತು. ಸಣ್ಣ ಹುಡುಗನನ್ನು ದೊಡ್ಡ ಟೀಮಿಗೆ ಕರೆಯುವಾಗ ಹೆಚ್ಚಾಗಿ ಅವನ ಭವಿಷ್ಯ ಯಾರ ತಲೆಯಲ್ಲೂ ಇರುವುದಿಲ್ಲ. ಒಬ್ಬ ಆಟಗಾರ ಗಲ್ಫ್‌ಗೆ ಹೋದ, ಇನ್ನೊಬ್ಬನಿಗೆ ಡ್ಯೂಟಿ, ಏಳು ಜನ ತುಂಬಲಿಕ್ಕೆ ಒಬ್ಬ ಬೇಕು. "ಮೋನೆ, ಬಾ" ಎಂದು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಹುಡುಗನಿಗೆ ಸ್ವರ್ಗ ಸಿಕ್ಕಿದ ಹಾಗೆ. ಊರಿನ ಹೀರೋಗಳ ಜೊತೆ ಜೆರ್ಸಿ ಹಾಕಲು ಯಾರಿಗೆ ಆಸೆ ಇಲ್ಲ? ಅಲ್ಲಿ ಹೋದರೆ ಮುಕ್ಕಾಲು ಪಾಲು ಸಮಯ ಹೊರಗೆ ಬೆಂಚು ಕಾಯುವುದು, ಕೊನೆಯ ಐದು ನಿಮಿಷ ಒಳಗೆ. ಆ ಐದು ನಿಮಿಷದಲ್ಲಿ ಎದುರಿನ ಟೀಮಿನ ಎಂಬತ್ತು ಕಿಲೋದ ಡಿಫೆಂಡರ್ ಬಂದು ಗುದ್ದಿದರೆ ಕೇಳುವವರಿಲ್ಲ. ಸಣ್ಣ ಮೈದಾನ, ಹತ್ತಿರದ ಹೊಡೆತ, ಮಂಜು ಬಿದ್ದ ನೆಲ.

ಬೆಂಚು ಕಾಯುವುದೂ ನಷ್ಟವೇ. ತನ್ನ ವಯಸ್ಸಿನ ಟೀಮಿನಲ್ಲಿ ಪೂರ್ತಿ ಸಮಯ ಆಡಿ, ಕ್ಯಾಪ್ಟನ್ ಆಗಿ, ಸೋತಾಗ ಉಳಿದವರನ್ನು ಸಮಾಧಾನ ಮಾಡಿ ಕಲಿಯುವುದು ಇಲ್ಲಿ ಸಿಗುವುದಿಲ್ಲ. ಚೆಂಡಿಗೆ ಕಾಲು ತಾಗಿದಷ್ಟೂ ಆಟ ಬರುವುದು, ಬೆಂಚಿಗೆ ಬೆನ್ನು ತಾಗಿದರೆ ಬರುವುದಿಲ್ಲ.

ಮೈದಾನದ ಹೊರಗಿನ ವಿಷಯವೂ ಇದೆ. ಹದಿಮೂರರವ ಇಪ್ಪತ್ತರವರ ಜೊತೆ ರಾತ್ರಿ ಒಂದಕ್ಕೆ ಬೈಕಿನಲ್ಲಿ ಮೂರನೆಯವನಾಗಿ ಮನೆಗೆ ಬರುತ್ತಾನೆ. ಅವರ ಮಾತು, ಅವರ ಮೊಬೈಲು, ಕೆಲವರ ಬಾಯಲ್ಲಿರುವ ಗುಟ್ಕಾ, ಸಿಗರೇಟು, ಎಲ್ಲ ಇವನಿಗೆ ಒಟ್ಟಿಗೆ ಪರಿಚಯ. ದೊಡ್ಡ ಹುಡುಗರೆಲ್ಲ ಕೆಟ್ಟವರು ಎಂದು ನಾವು ಹೇಳುವುದಿಲ್ಲ, ತಮ್ಮನ ಹಾಗೆ ನೋಡಿಕೊಳ್ಳುವ ಇಚ್ಚಂದಿರೂ ಇದ್ದಾರೆ. ಆದರೆ ಯಾರ ಜೊತೆ ಹೋಗುತ್ತಾನೆ, ಎಷ್ಟೊತ್ತಿಗೆ ಬರುತ್ತಾನೆ ಎಂದು ಕೇಳಬೇಕಾದದ್ದು ಮನೆಯ ಕೆಲಸ. ಉಪ್ಪ ದುಬೈಯಲ್ಲೋ ದಮ್ಮಾಮ್‌ನಲ್ಲೋ ಇರುವ ಮನೆಗಳಲ್ಲಿ ಉಮ್ಮ ಒಬ್ಬಳೇ ಕೇಳಬೇಕು. ಅವಳ ಮಾತನ್ನು "ಹೆಂಗಸರಿಗೆ ಆಟ ಎಂತ ಗೊತ್ತು" ಎಂದು ತಳ್ಳಿಹಾಕಬೇಡಿ.

ಉಲ್ಟಾ ಮೋಸ

ಇದರ ಇನ್ನೊಂದು ಮುಖವನ್ನೂ ಹೇಳದೆ ಇರಲಾಗದು. ಹದಿನಾರರವನಿಗೆ ಹದಿನಾಲ್ಕು ಎಂದು ಕಾಗದ ಮಾಡಿಸಿ ಕೆಳಗಿನ ಗುಂಪಿನಲ್ಲಿ ಆಡಿಸುವುದು. ಸಣ್ಣವನನ್ನು ಮೇಲೆ ಎಳೆಯುವುದಕ್ಕೂ ದೊಡ್ಡವನನ್ನು ಕೆಳಗೆ ಇಳಿಸುವುದಕ್ಕೂ ಬೇರು ಒಂದೇ, ಈ ವರ್ಷದ ಕಪ್ ಬೇಕು ಎಂಬ ಆಸೆ. ಇದು ಸುಳ್ಳು ಮಾತ್ರ ಅಲ್ಲ, ಎದುರಿನ ಸಣ್ಣ ಮಕ್ಕಳಿಗೆ ಅಪಾಯ. ನಮ್ಮ ಹುಡುಗ ಎಷ್ಟು ಗೋಲು ಹೊಡೆದರೂ ಅದು ಕದ್ದ ಗೋಲು. ಮುಂದೆ ಹೋದಾಗ ಸಿಕ್ಕಿಬೀಳುವುದೂ ಖಂಡಿತ. ಫಿಫಾದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ 2009ರಿಂದ ಮಣಿಕಟ್ಟಿನ ಎಂಆರ್‌ಐ ತೆಗೆದು ನೋಡುತ್ತಾರೆ. ನಮ್ಮ ದೇಶದಲ್ಲೂ ಮಣಿಕಟ್ಟಿನ ಎಕ್ಸ್‌ರೇಯಿಂದ ಮೂಳೆಯ ವಯಸ್ಸು ಅಳೆಯುವ ಕ್ರಮ ಇದೆ. ಕಾಗದ ತಿದ್ದಬಹುದು, ಮೂಳೆ ತಿದ್ದಲಾಗದು.

ತಡೆದರೆ ಪ್ರತಿಭೆ ಸಾಯುತ್ತದೆಯೇ?

"ಈಗ ಬಿಡದಿದ್ದರೆ ಅವಕಾಶ ಹೋಯಿತು, ಉಸ್ತಾದರೇ" ಎನ್ನುತ್ತಾರೆ. ಅವರಿಗೆ ಮರಡೋನಾನ ವಿಷಯ ನೆನಪಿಸಬೇಕು. 1976ರ ಅಕ್ಟೋಬರಿನಲ್ಲಿ, 16 ತುಂಬಲು ಹತ್ತು ದಿನ ಇರುವಾಗ, ಅವನು ಅರ್ಜೆಂಟೀನಾದ ಮೊದಲ ದರ್ಜೆಯ ಲೀಗಿನಲ್ಲಿ ಆಡಿದ. ಮರುವರ್ಷ ದೇಶದ ಟೀಮಿಗೂ ಬಂದ. ಆದರೆ 1978ರಲ್ಲಿ ವಿಶ್ವಕಪ್ ಸ್ವಂತ ದೇಶದಲ್ಲೇ ನಡೆದಾಗ ಕೋಚ್ ಮೆನೊಟ್ಟಿ ಅವನನ್ನು ಕೈಬಿಟ್ಟರು. 17ರ ಹುಡುಗನಿಗೆ ಎಂತಹ ದುಃಖ ಆಗಿರಬೇಡ! ಮರುವರ್ಷ, 1979ರಲ್ಲಿ, ಜಪಾನಿನಲ್ಲಿ ನಡೆದ ಯುವಕರ ವಿಶ್ವಕಪ್‌ನಲ್ಲಿ ತನ್ನ ವಯಸ್ಸಿನವರ ಟೀಮಿಗೆ ಅವನೇ ಕ್ಯಾಪ್ಟನ್. ಅರ್ಜೆಂಟೀನಾ ಗೆದ್ದಿತು, ಟೂರ್ನಿಯ ಉತ್ತಮ ಆಟಗಾರನೂ ಅವನೇ. 1986ರಲ್ಲಿ ಏನಾಯಿತು ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಮೇಲೆ ಹೋದವನು ಒಮ್ಮೆ ತನ್ನ ವಯಸ್ಸಿನವರಲ್ಲಿಗೆ ಇಳಿದು ಬಂದರೆ ಮರ್ಯಾದೆ ಹೋಗುವುದಿಲ್ಲ.

ನಮ್ಮ ದೇಶದಲ್ಲೂ ಒಂದು ಪ್ರಯೋಗ ನಡೆದಿದೆ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆದ ಮೇಲೆ, ಅದರಲ್ಲಿ ಆಡಿದ ಹುಡುಗರನ್ನೂ ಅವರ ಆಸುಪಾಸಿನ ವಯಸ್ಸಿನವರನ್ನೂ ಸೇರಿಸಿ ಇಂಡಿಯನ್ ಆರೋಸ್ ಎಂಬ ಟೀಮು ಮಾಡಿ ಐ-ಲೀಗ್‌ನಲ್ಲಿ ದೊಡ್ಡ ಕ್ಲಬ್‌ಗಳ ಎದುರು ಆಡಿಸಿದರು. ಗಮನಿಸಬೇಕಾದ ವಿಷಯ ಎರಡು. ಹುಡುಗರು ಒಬ್ಬೊಬ್ಬರಾಗಿ ದೊಡ್ಡವರ ಮಧ್ಯೆ ಹೋಗಲಿಲ್ಲ, ಗೆಳೆಯರ ಗುಂಪಾಗಿಯೇ ಹೋದರು. ಕೊನೆಯ ಸ್ಥಾನ ಬಂದರೂ ಕೆಳಗಿನ ದರ್ಜೆಗೆ ಇಳಿಸುವುದಿಲ್ಲ ಎಂಬ ರಿಯಾಯಿತಿ ಅವರಿಗೆ ಇತ್ತು. ಕಲಿಯಲಿಕ್ಕೆ ಕಳಿಸುವುದಾದರೆ ಸೋಲಲಿಕ್ಕೂ ಬಿಡಬೇಕು. ಊರಿನಲ್ಲೂ ಒಬ್ಬನನ್ನೇ ಎಳೆಯುವ ಬದಲು ಹದಿನಾಲ್ಕರ ಇಡೀ ಟೀಮನ್ನು ವರ್ಷಕ್ಕೆ ನಾಲ್ಕು ಸಲ ಹದಿನಾರರವರ ಎದುರು ಆಡಿಸಿ ನೋಡಬಹುದು.

ಒಪ್ಪುವ ಮೊದಲು ಕೇಳಬೇಕಾದದ್ದು

ಮಗನಿಗೆ ಕರೆ ಬಂದರೆ ಹೂಂ ಅನ್ನುವ ಮೊದಲು ಐದು ವಿಷಯ ಕೇಳಿಕೊಳ್ಳಿ ಎಂದು ನಾವು ಹೆತ್ತವರಿಗೆ ಹೇಳುತ್ತೇವೆ.

ಒಂದು, ಎಷ್ಟು ಮೇಲೆ? ಒಂದು ಅಥವಾ ಎರಡು ವರ್ಷದ ಅಂತರ ಆದರೆ ಯೋಚಿಸಬಹುದು. ವಯಸ್ಸಿನ ಮಿತಿಯೇ ಇಲ್ಲದ ಸೆವೆನ್ಸ್ ಟೂರ್ನಿಗೆ ಹದಿನಾರರ ಒಳಗಿನವರು ಬೇಡ.

ಎರಡು, ಅವನು ಅಲ್ಲಿ ಆಡುತ್ತಾನಾ, ಕೂರುತ್ತಾನಾ? ಅರ್ಧದಷ್ಟಾದರೂ ಸಮಯ ಒಳಗೆ ಸಿಗದಿದ್ದರೆ ಕಳಿಸಿ ಲಾಭ ಇಲ್ಲ.

ಮೂರು, ಎರಡೂ ಟೀಮಿನಲ್ಲಿ ಒಟ್ಟಿಗೆ ಆಡಬೇಕಾ? ಶನಿವಾರ ಇಲ್ಲಿ, ಭಾನುವಾರ ಅಲ್ಲಿ ಎಂದು ಎಳೆದಾಡಿದರೆ ಕಾಲು ಸೋಲುತ್ತದೆ. ಎರಡೂ ಕಡೆಯ ಕೋಚ್‌ಗಳು ಮಾತಾಡಿಕೊಂಡಿರಬೇಕು.

ನಾಲ್ಕು, ವಾಪಸ್ ಬರುವ ದಾರಿ ಇದೆಯಾ? ಮೂರು ತಿಂಗಳು ನೋಡೋಣ, ಹೊಂದದಿದ್ದರೆ ಹಳೆಯ ಟೀಮಿಗೆ ಮರಳುತ್ತಾನೆ ಎಂದು ಮೊದಲೇ ಎಲ್ಲರ ಎದುರು ಮಾತಾಗಬೇಕು.

ಐದು, ಹುಡುಗನನ್ನೇ ಕೇಳಿದ್ದೀರಾ? ಕೋಚ್‌ನ ಎದುರು ಹೂಂ ಅನ್ನುತ್ತಾನೆ. ರಾತ್ರಿ ಊಟದ ಹೊತ್ತಿಗೆ, ಒಬ್ಬನೇ ಇರುವಾಗ ಕೇಳಿ. ಆಟದ ದಿನ ಬೆಳಿಗ್ಗೆ ಹೊಟ್ಟೆನೋವು ಅನ್ನುವ ಹುಡುಗ ಬಾಯಿಬಿಟ್ಟು ಹೇಳದ ಉತ್ತರ ಕೊಟ್ಟಾಗಿದೆ.

ಕ್ಲಬ್‌ಗಳಿಗೂ ಒಂದು ಮಾತು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯ ಒಪ್ಪಬೇಕು. ನಮ್ಮ ಎಷ್ಟೋ ಹುಡುಗರು ದೊಡ್ಡವರ ಜೊತೆ ಆಡುವುದು ಪ್ರತಿಭೆ ಜಾಸ್ತಿ ಆಗಿ ಅಲ್ಲ, ತಮ್ಮ ವಯಸ್ಸಿನವರಿಗೆ ಪಂದ್ಯವೇ ಇಲ್ಲದೆ. ಶಾಲಾ ಟೂರ್ನಿಯಲ್ಲಿ ಮೊದಲ ಮ್ಯಾಚಿನಲ್ಲೇ ಸೋತರೆ ಆ ವರ್ಷದ ಆಟ ಮುಗಿಯಿತು. ಆಮೇಲೆ ಇರುವುದೆಲ್ಲ ದೊಡ್ಡವರ ಸೆವೆನ್ಸ್. ಹುಡುಗ ಎಲ್ಲಿಗೆ ಹೋಗಬೇಕು?

ಮಂಗಳೂರಿನಿಂದ ಉಳ್ಳಾಲ, ದೇರಳಕಟ್ಟೆ, ಬಂಟ್ವಾಳದ ತನಕ ನಮ್ಮ ಯುವಕರ ಸಂಘಗಳು ಟೂರ್ನಿ ಮಾಡುವುದರಲ್ಲಿ ಹಿಂದೆ ಬಿದ್ದವರಲ್ಲ. ಲೈಟು, ಮೈಕು, ಟ್ರೋಫಿ, ಅತಿಥಿಗಳಿಗೆ ಶಾಲು, ಎಲ್ಲ ಆಗುತ್ತದೆ. ಆ ಖರ್ಚಿನ ಒಂದು ಪಾಲಿನಲ್ಲಿ ಸಣ್ಣವರಿಗೂ ಏನಾದರೂ ಮಾಡಬಹುದು. ದೊಡ್ಡವರ ಟೂರ್ನಿಯ ದಿನವೇ ಬೆಳಿಗ್ಗೆ ಹನ್ನೆರಡರ ಒಳಗಿನವರಿಗೆ, ಹದಿನಾಲ್ಕರ ಒಳಗಿನವರಿಗೆ ಪಂದ್ಯ ಇಡಿ. ನಾಕೌಟ್ ಬೇಡ, ಲೀಗ್ ಇಡಿ, ಸೋತ ಟೀಮಿಗೂ ಮೂರು ನಾಲ್ಕು ಮ್ಯಾಚು ಸಿಗಲಿ. ಸಣ್ಣ ಚೆಂಡು, ಸಣ್ಣ ಗೋಲು. ಮಗ್ರಿಬ್‌ಗೆ ಮೊದಲು ಎಲ್ಲರೂ ಮನೆಗೆ. ದೊಡ್ಡ ಆಟಗಾರರು ಅವತ್ತು ರೆಫ್ರಿಗಳಾಗಲಿ, ಹುಡುಗರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಹಾಗೆ ಮಾಡಿದರೆ ಯಾರು ನಿಜವಾಗಿ ಮೇಲೆ ಹೋಗಲು ತಯಾರಾಗಿದ್ದಾರೆ ಎಂಬುದೂ ತನ್ನಿಂದ ತಾನೇ ಕಾಣುತ್ತದೆ. ತನ್ನ ವಯಸ್ಸಿನವರ ಜೊತೆ ಇಪ್ಪತ್ತು ಪಂದ್ಯ ಆಡಿ ಬೆಳೆದವನನ್ನು ಮೇಲೆ ಕಳಿಸಲು ನಮಗೂ ಹೆದರಿಕೆ ಇಲ್ಲ, ಅವನ ಉಮ್ಮನಿಗೂ ಇರಲಿಕ್ಕಿಲ್ಲ. ಈ ಸಲದ ಟೂರ್ನಿಗೆ ಲೆಕ್ಕ ಹಾಕಲು ಕೂರುವ ಸಂಘದವರು ಹದಿನಾಲ್ಕರ ಒಳಗಿನವರ ಒಂದು ಸಾಲನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಲಿ.